ಮಂಗನಿಗೆಂದು ತುಂಬಿದ ಗುಂಡು

ನಿನ್ನ ತಲೆಯೊಳಗೆ ಹೊಕ್ಕಿದ್ದು ನನ್ನ ಏರ್‌ಗನ್ನಿನ ಗುಂಡು, ಚೈತ್ರಾ. ಹೊಡೆದವಳು ನಾನು, ನಿನ್ನ ಅತ್ತೆ.

ಕಡಹಿನಬೈಲಿನ ನಮ್ಮ ಮನೆಯಲ್ಲಿ ಆ ಕೋವಿಗೆ ಗುಂಡು ಹಾಕುವ ಹಾಗಿರಲಿಲ್ಲ. ಮಂಗಗಳನ್ನು ಕೊಲ್ಲಬಾರದು, ಕೋವಿ ಎತ್ತಿ ತೋರಿಸಿದರೆ ಸಾಕು, ಓಡುತ್ತವೆ. ಆದರೆ ಕೋವಿ ಖಾಲಿಯೆಂದು ಮಂಗಗಳಿಗೂ ಕ್ರಮೇಣ ತಿಳಿಯಿತು. ನಾನು ಗುರಿಯಿಟ್ಟರೆ ಅವು ಎದುರಿಗೇ ಕೂತು ಪಪ್ಪಾಯಿ ತಿನ್ನುತ್ತಿದ್ದವು. ನಿನ್ನ ಅಪ್ಪ—ನನ್ನ ಅಣ್ಣ—ನಗುತ್ತಿದ್ದ: “ನಿನ್ನ ಕೋವಿ ಕಂಡ್ರೆ ಅವು ಊಟಕ್ಕೆ ಕರೆದ್ರು ಅಂದ್ಕೊಳ್ತವೆ ಮಾರಾಯ್ತಿ!”

ಶೃಂಗೇರಿಗೆ ಹೋದಾಗ ಗುಂಡು ತಂದೆ. ಯಾರಿಗೂ ಹೇಳಲಿಲ್ಲ. ಆ ನಗುವಿನಿಂದ ಸಿಟ್ಟು ಬಂದಿತ್ತೇ—ಈಗ ಹಾಗನಿಸುತ್ತದೆ, ಆದರೆ ಇಷ್ಟು ಸಲೀಸಾದ ಕಾರಣವನ್ನು ನಾನೇ ನಂಬುವುದಿಲ್ಲ. ಆ ದಿನ ಮಂಗ ಬೇಲಿಯ ಮೇಲಿತ್ತು. ಅಂಗನವಾಡಿಗೆ ಹೋಗುವ ವಯಸ್ಸಿನ ನೀನು ಬೇಲಿಯ ಆಚೆ ಇದ್ದೆ. ನಾನು ನೋಡಿರಲಿಲ್ಲ—ಅಥವಾ ಏನೋ ಅಲುಗಾಡಿದ್ದನ್ನು ನೋಡಿಯೂ... ಗೊತ್ತಿಲ್ಲ.

ಬಲ ಕಣತಲೆಯಲ್ಲಿ ಹೆಸರುಕಾಳಿನಷ್ಟು ಗಾಯ. ನೀನು ಅಳುತ್ತಿದ್ದೆ, ಮಾತಾಡುತ್ತಿದ್ದೆ. ಕೊಪ್ಪದಲ್ಲಿ ಡಾಕ್ಟರು ನನ್ನನ್ನೇ ಕೇಳಿದರು:

“ಎಂತ ಚುಚ್ಚಿದ್ದು? ಸರಿಯಾಗಿ ಹೇಳಿ.”

“ಬೇಲಿ ಗೂಟ, ಡಾಕ್ಟ್ರೇ. ಬಿದ್ಲು.”

ಹೊಲಿಗೆ ಹಾಕಿ ಕಳಿಸಿದರು. ಗುಂಡು ಎಂದಿದ್ದರೆ ಅಂದೇ ಸ್ಕ್ಯಾನ್ ಆಗುತ್ತಿತ್ತು. ಜ್ವರ ಬಂದು, ನಿನ್ನ ಎಡಗೈ ಲೋಟ ಹಿಡಿಯಲಾರದೆ ಹೋದ ಮೇಲೆ ಮಂಗಳೂರಿಗೆ ಒಯ್ದೆವು. ಸ್ಕ್ಯಾನಿನಲ್ಲಿ ಗುಂಡು ಕಂಡಿತು. ತಲೆಬುರುಡೆ ತೆರೆದು ಕೀವು ತೆಗೆದರು, ಒಳಗೆ ನೆಟ್ಟಿದ್ದ ಎಲುಬಿನ ಚೂರುಗಳನ್ನು ತೆಗೆದರು. ಗುಂಡು ಆಳದಲ್ಲಿತ್ತು, ಹುಡುಕಿಕೊಂಡು ಹೋದರೆ ಮಿದುಳಿಗೆ ಇನ್ನಷ್ಟು ಪೆಟ್ಟಾಗುತ್ತದೆಂದು ಅಲ್ಲೇ ಬಿಟ್ಟರು. ಮೊದಲೇ ತಿಳಿದಿದ್ದರೆ ಕೀವಾಗದಂತೆ ನೋಡಬಹುದಿತ್ತು ಎಂದು ಸರ್ಜನ್ ಹೇಳುವಾಗ ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

ಗೂಟದ ಮಾತು ನನ್ನ ತಪ್ಪು ಊಹೆ ಎಂದುಕೊಂಡರು. ನಮ್ಮ ಕೋವಿಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ—ಮನೆಯಲ್ಲಿ ಗುಂಡೇ ಇರಲಿಲ್ಲವಲ್ಲ. ಪಕ್ಕದ ಮನೆಯ ಶೀನಣ್ಣನ ಬಳಿಯೂ ಏರ್‌ಗನ್ ಇತ್ತು. ನಿನ್ನ ಅಪ್ಪ ಅವರ ಅಂಗಳಕ್ಕೆ ನುಗ್ಗಿದ.

“ನಾನ್ಯಾಕೆ ಮಗೀಗೆ ಹೊಡೀಲಿ ಮಾರಾಯ? ನನ್ನ ಹೆಗಲ ಮೇಲೆ ಆಡಿದ ಕೂಸು ಅದು!” ಎಂದು ಶೀನಣ್ಣ ಅತ್ತರು. ನಾನು ನಿಂತು ಕೇಳಿದೆ. ಅಂದಿನಿಂದ ಎರಡು ಮನೆಗಳ ನಡುವೆ ಮಾತಿಲ್ಲ.

ನಿನ್ನ ಎಡಗೈ ಪೂರ್ತಿ ಸರಿಹೋಗಲಿಲ್ಲ. ಕಾಲೇಜಿಗೆ ಹೊರಡುವಾಗ ಈಗಲೂ ಜಡೆ ಹೆಣೆಯಲು ನನ್ನನ್ನು ಕರೆಯುತ್ತೀ. ಹೆಣೆಯುವಾಗ ಹೊಲಿಗೆಯ ಗೆರೆ ಬೆರಳಿಗೆ ತಾಗುತ್ತದೆ.

ನಾಳೆ ಶೀನಣ್ಣನ ಅಂಗಳದಲ್ಲಿ, ನಿನ್ನ ಅಪ್ಪನೆದುರು, ಇದನ್ನು ಹೇಳುತ್ತೇನೆ. ಅದಕ್ಕೂ ಮೊದಲು ನಿನಗೆ ಗೊತ್ತಾಗಬೇಕಿತ್ತು. ಇನ್ನು ಮುಂದೆ ಜಡೆಗೆ ನನ್ನನ್ನು ಕರೆಯಬಾರದು ಅನಿಸಿದರೆ—ಕರೆಯಬೇಡ.