ಹೊಸಿಲಿನ ಮರ ಆರಿಸಿದ್ದು

ನನ್ನ ಗಂಡ ಮರಗೆಲಸದವರು. ನಾಗಮಂಗಲದ ಹತ್ತಿರ ನಮ್ಮೂರಲ್ಲಿ ಯಾರೇ ಮನೆ ಕಟ್ಟಿದರೂ ಹೊಸಿಲಿನ ಮರ ಅವರೇ ಆರಿಸಬೇಕಿತ್ತು. ದಿಮ್ಮಿಯನ್ನು ಬಾಚಿಯ ಹಿಂಬದಿಯಿಂದ ಮೂರು ಸಲ ತಟ್ಟಿ, ಕಿವಿಗೊಟ್ಟು, ‘ಇದು’ ಎಂದು ಅರಿಶಿನ ಹಚ್ಚುತ್ತಿದ್ದರು. ಆಮೇಲೆ ಯಾರೂ ಎರಡನೇ ಮಾತಾಡುತ್ತಿರಲಿಲ್ಲ.

ಕೊನೆಯ ವರ್ಷಗಳಲ್ಲಿ ತಟ್ಟಿ ಸುಮ್ಮನೆ ನಿಲ್ಲತೊಡಗಿದರು. ತೊಡಲು ಎರಡು ಅಂಗಿ ಮುಂದಿಟ್ಟರೂ ಹಾಗೇ, ಯಾವುದನ್ನೂ ಆರಿಸುತ್ತಿರಲಿಲ್ಲ. ಹಟವೆಂದುಕೊಂಡು ಒಮ್ಮೆ ಗಿರಾಕಿಗಳ ಎದುರಿಗೇ ಬೈದೆ. ಅವರ ಕೈ ನಡುಗಲು ಶುರುವಾದ ಮೇಲೆ ಶ್ರೀರಂಗಪಟ್ಟಣದ ಡಾಕ್ಟರಮ್ಮ ಒಬ್ಬರಿಗೆ ತೋರಿಸಿದೆವು. ಪಾರ್ಕಿನ್ಸನ್ ಕಾಯಿಲೆ ಎಂದರು.

ನಾನು ಓದಿದ್ದು ಏಳನೇ ಕ್ಲಾಸು. ಡಾಕ್ಟರಮ್ಮ ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. ಮಿದುಳಿನ ಜೀವಕಣಗಳೆಲ್ಲ ಒಂದೇ ಕೆಲಸ ಮಾಡುವುದಿಲ್ಲವಂತೆ. ಕೆಲವು ‘ಮಾಡು’ ಎಂದು ತಳ್ಳುತ್ತವೆ, ಕೆಲವು ‘ತಡಿ’ ಎಂದು ಹಿಡಿಯುತ್ತವೆ. ನೆನೆಸಿದ್ದಕ್ಕಿಂತ ಒಳ್ಳೆಯದಾಯಿತೋ ಕೆಟ್ಟದಾಯಿತೋ ಎಂದು ಆ ಎರಡಕ್ಕೂ ಸುದ್ದಿ ಮುಟ್ಟಿಸುವ ಕಣಗಳೇ ಬೇರೆ. ಇವರಲ್ಲಿ ಸುದ್ದಿ ಮುಟ್ಟಿಸುವವು ಸಾಯುತ್ತಿವೆ, ಹಾಗಾಗಿ ‘ತಡಿ’ ಅನ್ನುವವುಗಳದೇ ಮೇಲುಗೈ. ಹಟವಲ್ಲ ಎಂದರು.

ವಾಪಸು ಬರುವಾಗ ಬಸ್ಸು ಪಾಂಡವಪುರ ದಾಟಿದ ಮೇಲೆ ಅವರೇ ಅಂದರು: “ಇನ್ಮೇಲೆ ನೀನು ತಟ್ಟು. ನಾನು ಕೇಳಿಸ್ಕತೀನಿ.”

ಹಾಗೇ ನಡೆಯಿತು. ನಾನು ತಟ್ಟಿ ಯಾವುದೆಂದು ಹೇಳುತ್ತಿದ್ದೆ. ಸರಿಯಿದ್ದರೆ ಎಷ್ಟೋ ಹೊತ್ತಿನ ಮೇಲೆ ಹೌದೆಂದು ಅವರ ತಲೆ ಆಡುತ್ತಿತ್ತು. ಕಾಯುವುದನ್ನು ಕಲಿತೆ.

ಅವರು ತೀರಿಕೊಂಡಾಗ ಪಕ್ಕದ ಮನೆಯಾಕೆಯ ಹೊಸಿಲಿಗೆಂದು ತಂದ ಎರಡು ಹಲಸಿನ ದಿಮ್ಮಿ ಅಂಗಳದಲ್ಲೇ ಉಳಿದಿದ್ದವು. ಕೆತ್ತಲು ಮೈದುನ ಇದ್ದ, ಆರಿಸುವವರು ಇರಲಿಲ್ಲ. ತಿಂಗಳು ಕಳೆದು ಆಕೆ ಬಂದು, ಆಚಾರ್ರು ಯಾವುದನ್ನು ಹೇಳಿದ್ದರು ಎಂದು ಕೇಳಿದರು. ಒಂದನ್ನು ತೋರಿಸಿ ಅವರ ಹೆಸರು ಹೇಳಿಬಿಡಬಹುದಿತ್ತು. ಆದರೆ ನಾಳೆ ಹೊಸಿಲು ಸೀಳಿದರೆ ಅದೇ ಹೆಸರು ಕೆಡುತ್ತಿತ್ತು.

“ಯೋಳಿರ್ಲಿಲ್ಲ. ನಾನೇ ತಟ್ಟಿ ನೋಡ್ತೀನಿ,” ಅಂದೆ.

“ತಟ್ಟವ್ವ. ತೆಂಗಿನಕಾಯಲ್ಲ, ಹುಷಾರು,” ಎಂದು ನಕ್ಕರು.

ಮೊದಲನೆಯದರ ಒಂದು ತುದಿಯಲ್ಲಿ ಸದ್ದು ಮಂಕಾಗಿತ್ತು, ಒಳಗೆ ಹುಳು ತಿಂದಂತೆ. ಎರಡನೆಯದು ಉದ್ದಕ್ಕೂ ಒಂದೇ ದನಿ ಕೊಟ್ಟಿತು. ಅಭ್ಯಾಸಬಲದಿಂದ ಅವರು ಕೂರುತ್ತಿದ್ದ ಜಗುಲಿಯ ಕಡೆ ತಿರುಗಿ, ಅವರ ತಲೆಯಾಡುವಷ್ಟು ಹೊತ್ತು ಕಾದೆ. ಆಮೇಲೆ ‘ಇದು’ ಅಂದೆ.

ಆಕೆ ಮನೆಗೆ ಹೋಗಿ ಅರಿಶಿನದ ಬಟ್ಟಲು ತಂದು ನನ್ನ ಮುಂದೆ ಹಿಡಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ.

“ಆರಿಸ್ದೋರೇ ಹಚ್ಬೇಕು ಕಣವ್ವ,” ಅಂದರು.

ಹಚ್ಚಿದೆ.