ತಿರಸ್ಕೃತ ಬೆರಳುಗಳು

ನಾನು ಚಿತ್ರಿಸಿದ ವಿಡಿಯೋಗಳನ್ನು ನನ್ನನ್ನು ಒಂದು ಮಾತೂ ಕೇಳದೆ ತೆಗೆದುಹಾಕಿದ್ದರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಹಲವು ಊರುಗಳ ಪ್ರಯೋಗಾಲಯದವರು ಸೇರಿ, ಅತಿ ಸಣ್ಣ ರಕ್ತನಾಳಗಳಲ್ಲಿ ರಕ್ತ ಹರಿಯುವುದನ್ನು ಚಿತ್ರಿಸಿ, ಕಾಯಿಲೆ ಪತ್ತೆಗೆ ಎಲ್ಲ ಸಂಶೋಧಕರೂ ಬಳಸಬಹುದಾದ ಒಂದು ಡೇಟಾಬೇಸ್ ಕಟ್ಟಲು ಹೊರಟಿದ್ದೆವು. ನನ್ನ ಪಾಲಿಗೆ ಬಂದದ್ದು ಬೆರಳು. ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ನಾಳಗಳು ಹೇರ್‌ಪಿನ್‌ಗಳ ಹಾಗೆ ಸಾಲಾಗಿ ಕಾಣುತ್ತವೆ. ಚಂದ್ರಾ ಲೇಔಟ್‌ನ ಒಂದು ಕ್ಲಿನಿಕ್ಕಿನ ಹಿಂಬದಿ ಕೋಣೆಯಲ್ಲಿ ಭಾನುವಾರ ಆ ಕೆಲಸ. ಬಾಪೂಜಿ ನಗರದಿಂದ ಗಾರ್ಮೆಂಟ್ಸ್ ಕಾರ್ಖಾನೆಯ ಹೆಂಗಸರು ಬರುತ್ತಿದ್ದರು. ಅವರಲ್ಲಿ ಗುಂಡಿ ಹೊಲಿಯುವ ಒಬ್ಬಾಕೆ, ಪರದೆಯ ಮೇಲೆ ಕೊಂಚ ಮಬ್ಬಾಗಿ ತನ್ನದೇ ರಕ್ತ ಓಡುವುದನ್ನು ಕಂಡು, ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. "ನಂದೇನಾ ಮೇಡಂ ಇದು? ಹಿಂಗ್ ಓಡ್ತೈತಾ?"

ಮುಂದಿನ ಆನ್‌ಲೈನ್ ಸಭೆಯಲ್ಲಿ ಡೇಟಾಬೇಸ್ ನೋಡಿದರೆ ಅವರ್‍ಯಾರ ವಿಡಿಯೋನೂ ಇಲ್ಲ. ಉಳಿದದ್ದು ನಮ್ಮ ಕಚೇರಿಯವರ, ವಿದ್ಯಾರ್ಥಿಗಳ ಬೆರಳು. ಯೋಜನೆಯ ಮುಖ್ಯಸ್ಥರನ್ನು ಕೇಳಿದೆ.

"ಕ್ವಾಲಿಟಿ ಇಲ್ಲಮ್ಮ. ಚರ್ಮ ದಪ್ಪ, ಬಣ್ಣಾನೂ ಕಪ್ಪು. ದಪ್ಪ ಚರ್ಮದ್ದು ಬಿಡಬಹುದು ಅಂತ ನಮ್ಮ ನಿಯಮದಲ್ಲೇ ಇದೆ. ಕ್ಲೀನ್ ಡೇಟಾ ಇದ್ರೆ ತಾನೇ ಜನ ಬಳಸೋದು?"

"ಸಾರ್, ದುಡಿಯೋ ಕೈ ದಪ್ಪಾನೇ ಇರುತ್ತೆ. ನಾಳೆ ಇದನ್ನಿಟ್ಕೊಂಡು ಯಾರ ಕಾಯಿಲೆ ಕಂಡುಹಿಡೀತೀರಿ? ಮೆತ್ತಗಿನ ಕೈಯೋರದು ಮಾತ್ರಾನಾ?"

"ಎಮೋಷನಲ್ ಆಗ್ಬೇಡಿ."

ಲ್ಯಾಪ್‌ಟಾಪ್ ಪಟ್ಟನೆ ಮುಚ್ಚಿದೆ. ಆಮೇಲೆ ಅದನ್ನೇ ತೆರೆದು ಮುಖ್ಯಸ್ಥರಿಗೆ ಬರೆದೆ: ಆ ಹೆಂಗಸರನ್ನು ಬಿಡುವುದಾದರೆ ನನ್ನ ಒಂದು ವಿಡಿಯೋನೂ ನಿಮಗಿಲ್ಲ. ಮತ್ತೆ ಚಿತ್ರಿಸಿ ಕಳಿಸಿ, ನೋಡೋಣ ಎಂದು ಉತ್ತರ ಬಂತು.

ಹಾಗಾಗಿ ಅವರನ್ನೇ ಮತ್ತೆ ಕರೆಸಬೇಕಾಯಿತು. ಸಿಗುವ ಒಂದೇ ರಜೆಯನ್ನು ನಮಗಾಗಿ ಬಿಟ್ಟು ಬಂದರು. ಈ ಸಲ ಬೆರಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಎಣ್ಣೆ ಹೆಚ್ಚು ಹೊತ್ತು ಬಿಟ್ಟು, ಬೆಳಕನ್ನು ತಿದ್ದಿಕೊಂಡು ತಾಳ್ಮೆಯಿಂದ ಚಿತ್ರಿಸಿದೆ. ಗುಂಡಿ ಹೊಲಿಯುವಾಕೆ ಕೈಯನ್ನು ಸೀರೆಗೆ ಒರೆಸಿ ಒರೆಸಿ ಮುಂದೆ ಚಾಚಿದಳು.

"ಹೋದ್ಸಲ ನಮ್ ಕೈ ಸರಿಯಿರ್ಲಿಲ್ವಾ ಮೇಡಂ?"

"ನಿಮ್ ಕೈ ಸರಿಯಾಗೇ ಇತ್ತು ಕಣಮ್ಮ. ನಾವು ನೋಡಿದ ರೀತಿ ಸರಿಯಿರ್ಲಿಲ್ಲ." ಹಾಗೆಂದು ಅವಳ ಬೆರಳನ್ನು ಬಿಸಿನೀರಿಗೆ ಇಳಿಸಿದೆ.

ನಾಳಗಳು ಸ್ಪಷ್ಟವಾಗಿ ಕಂಡವು. ವಿಡಿಯೋಗಳು ಸೇರಿದವು. "ನೋಡಿ, ಕಷ್ಟಪಟ್ರೆ ಕ್ವಾಲಿಟಿ ಬರುತ್ತೆ," ಎಂದು ಮುಖ್ಯಸ್ಥರು ಸಭೆಯಲ್ಲಿ ನನ್ನನ್ನು ಹೊಗಳಿದರು. ದಪ್ಪ ಚರ್ಮದ ಚಿತ್ರಗಳನ್ನು ಕೈಬಿಡಬಹುದು ಎಂಬ ಸಾಲು ಮಾತ್ರ ನಿಯಮಗಳಲ್ಲಿ ಹಾಗೇ ಇದೆ. ತೆಗೆಯಿರಿ ಎಂದು ಎರಡು ಸಲ ಬರೆದೆ, ಉತ್ತರವಿಲ್ಲ. ಬೇರೆ ಊರುಗಳಲ್ಲಿ ಯಾರ ಯಾರ ಕೈ ಹೊರಗುಳಿದಿದೆಯೋ, ಅವರ ಪರವಾಗಿ ಅಲ್ಲಿ ಜಗಳವಾಡಿದವರು ಇದ್ದರೋ ಇಲ್ಲವೋ, ನನಗೆ ಗೊತ್ತಿಲ್ಲ.