ನೀರಿನ ಹಿಂದಿನ ಕವಚ

ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದರೆ ನನಗೆ ರೇಷ್ಮೆ ಸೀರೆ ನೆನಪಾಗುವುದಿಲ್ಲ, ಒಂದು ಜಲಪಾತ ನೆನಪಾಗುತ್ತದೆ. ಇವತ್ತು ಬೆಳಿಗ್ಗೆ ಬಿಸಿಲು ಚೆನ್ನಾಗಿದೆಯೆಂದು ಬೀರುವಿನ ಬಟ್ಟೆಗಳನ್ನೆಲ್ಲ ತೆಗೆದು ಮಹಡಿಯ ಮೇಲೆ ಹರವಲು ಹೊರಟೆ. ಕೆಳಗಿನ ಅರೆಯಲ್ಲಿ, ಹಳೆ ಪಂಚೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಹಸಿರು ರವಿಕೆ ಸಿಕ್ಕಿತು. ತೋಳಿಗೆ ಜರಿಯ ಬಳ್ಳಿ, ಬೆನ್ನಿಗೆ ಸಣ್ಣ ಮಣಿಗಳ ನವಿಲು. ಒಂದು ದಿನವೂ ತೊಟ್ಟದ್ದಲ್ಲ. ಅದಕ್ಕೆ ಆರಿ ಕಸೂತಿ ಮಾಡಿಕೊಟ್ಟವಳು ನಮ್ಮ ಮೇಲಿನ ಮನೆಯ ಆಪಾ.

ಆಪಾ ಅಂದರೆ ಅಕ್ಕ. ಅವಳ ತಮ್ಮ ಹಾಗೆ ಕರೆಯುತ್ತಿದ್ದ, ನನಗೂ ಅದೇ ಬಾಯಿಗೆ ಬಂತು. ಅಕ್ಕನಿಗೆ ಬಹುವಚನ ಹಚ್ಚುವ ರೂಢಿ ನಮ್ಮ ಮನೆಯಲ್ಲಿಲ್ಲ, ಹಾಗಾಗಿ ಇಲ್ಲೂ ಹಚ್ಚುತ್ತಿಲ್ಲ. ಮಂಡ್ಯದ ಗುತ್ತಲಿನ ಈ ಮನೆಗೆ ನಾವು ಬಾಡಿಗೆಗೆ ಬಂದಾಗಲೇ ಅವರಿಬ್ಬರೂ ಮೇಲಿದ್ದರು. ತಮ್ಮನಿಗೆ ಬೈಕ್ ರಿಪೇರಿಯ ಅಂಗಡಿ. ತಂದೆ ಶಿವನಸಮುದ್ರದ ಪವರ್ ಹೌಸಿನಲ್ಲಿ ಕೆಲಸಕ್ಕಿದ್ದವರು, ಆಪಾ ಬೆಳೆದದ್ದು ಅಲ್ಲಿಯ ಕ್ವಾರ್ಟರ್ಸಿನಲ್ಲಿ. ಮಂಡ್ಯಕ್ಕೆ ಬಂದ ಹೊಸತರಲ್ಲಿ ನೀರಿನ ಸದ್ದಿಲ್ಲದೆ ನಿದ್ದೆಯೇ ಹತ್ತುತ್ತಿರಲಿಲ್ಲವಂತೆ.

ನನ್ನ ಕಣ್ಣೆದುರೇ ಅವಳ ಕಿಡ್ನಿ ಕೈಕೊಟ್ಟಿತು. ದಿನ ಬಿಟ್ಟು ದಿನ ಡಯಾಲಿಸಿಸ್. ಸೂಜಿ ಚುಚ್ಚಲೆಂದು ಎಡಗೈಯಲ್ಲಿ ಆಪರೇಷನ್ ಮಾಡಿದ ಮೇಲೆ ಆ ಕೈಗೆ ಭಾರ ಬೀಳಬಾರದೆಂದರು. ಆರಿ ಕೆಲಸದ ಮರದ ಚೌಕಟ್ಟು ಗೋಡೆಗೆ ಒರಗಿತು. ಕುಡಿಯುವ ನೀರಿಗೂ ಅಳತೆ. ಇಡೀ ದಿನಕ್ಕೆ ಒಂದು ಸಣ್ಣ ಸ್ಟೀಲ್ ಚೊಂಬು, ಅಷ್ಟೇ. ತೀರಾ ತಡೆಯದಿದ್ದರೆ ಒಂದು ಐಸಿನ ತುಂಡನ್ನು ದವಡೆಗಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದಳು.

ನನ್ನದು ಬೇರೆ ಥರದ ಕಟ್ಟು. ಅತ್ತೆಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದರು. ನಮ್ಮವರು ಬೆಳಿಗ್ಗೆ ಮದ್ದೂರಿಗೆ ಕೆಲಸಕ್ಕೆ ಹೋದರೆ ಬರುವುದು ದೀಪ ಹಚ್ಚಿದ ಮೇಲೆ. ಅತ್ತೆಯ ಮಂಚಕ್ಕೆ ಒಂದು ಗಂಟೆ ಕಟ್ಟಿದ್ದೆ. ಆ ಗಂಟೆ ಎಷ್ಟು ದೂರ ಕೇಳಿಸುತ್ತದೋ ಅಷ್ಟೇ ನನ್ನ ಊರು. ಬೀದಿಯ ಕೊನೆಯ ಅಂಗಡಿಗೆ ಕೇಳಿಸುವುದಿಲ್ಲ. ಮೇಲಿನ ಮನೆಗೆ ಕೇಳಿಸುತ್ತದೆ.

ಹೊತ್ತು ಕಳೆಯಲಿ ಎಂದು ಆಪಾಗೆ ಅವಳ ತಮ್ಮ ಒಂದು ವಿಡಿಯೊ ಗೇಮು ತಂದುಕೊಟ್ಟಿದ್ದ. ಕೈಯಲ್ಲಿ ಹಿಡಿದು ಆಡುವಂಥದ್ದು, ಯಾರೋ ಬಳಸಿ ಬಿಟ್ಟದ್ದು. ಅದರಲ್ಲೊಂದು ದೊಡ್ಡ ದೇಶ. ಬೆಟ್ಟ, ಕಾಡು, ಹೊಳೆ. ಇಲ್ಲಿ ಹೋಗು, ಅಲ್ಲಿ ಹೋಗಬೇಡ ಎನ್ನುವವರಿಲ್ಲ. ಒಬ್ಬ ಹುಡುಗಿ ಕುದುರೆ ಏರಿ ಬೇಕಾದ ಕಡೆ ತಿರುಗುತ್ತಾಳೆ. ಉತ್ತರದ ಹಿಮದ ಬೆಟ್ಟದಲ್ಲಿ ಒಂದು ಕೋಟೆ, ಅದನ್ನು ಗೆದ್ದರೆ ಆಟ ಮುಗಿಯಿತು. ಬರೀ ಮೈಯಲ್ಲಿ ಹೋದರೆ ಚಳಿಗೇ ಸಾಯುತ್ತಾಳೆ. ಅದಕ್ಕೊಂದು ಕವಚ ಬೇಕು. ಶಿರಸ್ತ್ರಾಣ, ಕಾಲಿನದು, ಎದೆಯದು... ಮೂರನ್ನೂ ಆ ದೇಶದ ಮೂಲೆಗಳಲ್ಲಿ ಬಚ್ಚಿಟ್ಟಿದ್ದಾರೆ.

ಮಧ್ಯಾಹ್ನ ಅತ್ತೆಗೆ ನಿದ್ದೆ ಹತ್ತಿದ ಮೇಲೆ, ಒಂದು ಕಿವಿ ಕೆಳಗೇ ಬಿಟ್ಟು ನಾನು ಮೇಲೆ ಹೋಗುತ್ತಿದ್ದೆ. ಶಿರಸ್ತ್ರಾಣ ಒಂದು ಪಾಳು ಬಾವಿಯಲ್ಲಿ ಸಿಕ್ಕಿತು, ಕಾಲಿನದು ಒಂದು ಗುಹೆಯಲ್ಲಿ. ಎದೆಯದು ಮಾತ್ರ ಎಷ್ಟು ಹುಡುಕಿದರೂ ಇಲ್ಲ. ಹುಡುಕುವ ನೆಪದಲ್ಲಿ ಆಪಾ ಸುಮ್ಮನೆ ಒಂದು ಜಲಪಾತದ ಮುಂದೆ ಹೋಗಿ ನಿಲ್ಲುವಳು. ಏನೂ ಮಾಡುವುದಿಲ್ಲ, ನೋಡುತ್ತಾಳೆ, ಅಷ್ಟೇ. ಅವಳ ಕೆನ್ನೆಯಲ್ಲಿ ಐಸಿನ ತುಂಡು ಉಬ್ಬಿಕೊಂಡಿರುತ್ತಿತ್ತು.

ಒಂದು ಮಧ್ಯಾಹ್ನ ಹಾಗೇ ನಿಂತವಳು ಸೌಂಡು ಜಾಸ್ತಿ ಮಾಡಿ, ಮೆಷಿನ್ನನ್ನು ಕಿವಿಯ ಹತ್ತಿರ ಹಿಡಿದಳು.

"ಈ ನೀರು ಬಂಡೆ ಮ್ಯಾಲೆ ಬೀಳ್ತಿಲ್ಲ ಕಣಮ್ಮ. ಇಂದ್ಗಡೆ ಟೊಳ್ಳೈತೆ."

ಹುಡುಗಿಯನ್ನು ನೀರಿನೊಳಕ್ಕೇ ನುಗ್ಗಿಸಿದಳು. ಹಿಂದೆ ಕತ್ತಲ ಪೊಟರೆ, ಅದರೊಳಗೆ ಒಂದು ಕಲ್ಲಿನ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಎದೆಯ ಕವಚ. ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದುಕೊಂಡೆವು. ಅಷ್ಟರಲ್ಲಿ ಕೆಳಗೆ ಗಂಟೆ.

ಅತ್ತೆಗೆ ಎಚ್ಚರವಾಗಿತ್ತು. "ನಾನಿಲ್ಲಿ ಬಾಯ್ ಒಣುಗ್ಸ್ಕಂಡು ಬಿದ್ದಿವ್ನಿ, ನೀನು ಮ್ಯಾಲೆ ಗೊಂಬೆಗೆ ಬಟ್ಟೆ ಆಕ್ತಾ ಕುಂತಿದ್ದೀಯ" ಎಂದರು. ಸುಳ್ಳಲ್ಲವಲ್ಲ, ನಗು ಬಂತು.

ಕವಚ ಸಿಕ್ಕಿದರೆ ಸಾಲದು, ಅದನ್ನು ಗಟ್ಟಿ ಮಾಡಿಸಬೇಕು. ಕಾಡಿನ ಅಂಚಿನಲ್ಲಿ ಒಬ್ಬಳು ಕಮ್ಮಾರಜ್ಜಿ. ಅವಳು ತಾಮ್ರದ ಅದಿರು ತಾ ಎನ್ನುತ್ತಾಳೆ, ಜಿಂಕೆಯ ಉದುರಿದ ಕೊಂಬು ತಾ ಎನ್ನುತ್ತಾಳೆ. ಎಲ್ಲ ತಂದುಕೊಟ್ಟರೆ ಒಂದು ಸುತ್ತು ಬಡಿದು, ಮುಂದಿನ ಸುತ್ತಿಗೆ ಅದರ ಎರಡರಷ್ಟು ಕೇಳುತ್ತಾಳೆ. ಕೊನೆಯ ಸುತ್ತಿಗೆ ನೀಲಿ ಜೀರುಂಡೆ ಬೇಕು, ಅದು ಬರುವುದು ಮಳೆ ನಿಂತ ಮೇಲೆ ಮಾತ್ರ. ಆಪಾಗೆ ಕೈ ಸೋತರೆ ಜೀರುಂಡೆ ಹಿಡಿಯುವುದು ನನ್ನ ಪಾಲಿಗೆ ಬರುತ್ತಿತ್ತು. ಓಡಿದರೆ ಅವು ಹಾರಿಹೋಗುತ್ತವೆ. ನಾನು ಒಂದೊಂದು ಪೊದೆಯ ಬುಡದಲ್ಲೂ ಬಗ್ಗಿ ನೋಡುತ್ತ, ಒಂದನ್ನೂ ಬಿಡದೆ ಹಿಡಿಯುತ್ತಿದ್ದೆ.

"ಸೊಪ್ಪು ಸೋಸ್ದಂಗೆ ಉಳ ಇಡೀತೀಯಲ್ಲಮ್ಮ" ಎಂದು ಆಪಾ ಬಾಯಿಗೆ ಸೆರಗಿಟ್ಟು ನಗುತ್ತಿದ್ದಳು.

ಕಡೆಗೊಂದು ದಿನ ಅಜ್ಜಿ ಮುಂದಕ್ಕೇನೂ ಕೇಳಲಿಲ್ಲ. ಕವಚದ ಅಂಚಿಗೆಲ್ಲ ಬೆಳ್ಳಿಯ ಬಳ್ಳಿ ಹಬ್ಬಿತ್ತು. ಆಪಾ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು, ಹೊಲಿಗೆ ಹಿಂಬದಿಯಲ್ಲಿ ಹೇಗೆ ಬಂದಿದೆಯೆಂದು ನೋಡುವ ಹಾಗೆ. ಆಮೇಲೆ ಹುಡುಗಿಯ ಮನೆಯ ಪೆಟ್ಟಿಗೆಯಲ್ಲಿಟ್ಟು ಮುಚ್ಚಿಬಿಟ್ಟಳು. ಹುಡುಗಿ ಮತ್ತೆ ಮಾಸಿದ ಬಟ್ಟೆಯಲ್ಲೇ ಹೊರಗೆ ಬಂದಳು.

"ಇಷ್ಟು ಕಷ್ಟ ಬಿದ್ದು ಮಾಡ್ಸಿರದ್ನ ಸುಮ್ಸುಮ್ನೆ ಆಕ್ಕಂಡು ಕಾಡಲ್ಲಿ ತಿರುಗ್ತಾರಾ? ಗೀರು ಬಿದ್ರೆ?"

ಆಟದಲ್ಲಿ ಗೀರು ಬೀಳುವುದಿಲ್ಲ, ಸವೆಯುವುದೂ ಇಲ್ಲ. ತಮ್ಮ ಎಷ್ಟೋ ಸಲ ಹೇಳಿದ್ದ, ಅವಳಿಗೂ ಗೊತ್ತಿತ್ತು. ಆದರೂ ನನಗದು ವಿಚಿತ್ರ ಅನ್ನಿಸಲಿಲ್ಲ. ನಮ್ಮ ಅಟ್ಟದ ಮೇಲೆ ಮದುವೆಯ ಪಾತ್ರೆಗಳು ಪೇಪರು ಸುತ್ತಿಕೊಂಡೇ ಇವೆ. ಅವಳೇ ಮಾಡಿಕೊಟ್ಟ ಹಸಿರು ರವಿಕೆ ಬೀರುವಿನಲ್ಲಿತ್ತು. ಕವಚವನ್ನು ಕೋಟೆಗೆ ಹೋಗುವ ದಿನ ಹಾಕೋಣ ಎಂದಳು ಆಪಾ. ಸರಿ ಎಂದೆ.

ಆ ವರ್ಷದ ಮಳೆಗಾಲದಲ್ಲಿ ಶಿವನಸಮುದ್ರದಲ್ಲಿ ಹೊಳೆ ತುಂಬಿತ್ತು. ಒಂದು ಸಲ, ತುಂಬಿದ ನೀರು ನೋಡಬೇಕು ಅನ್ನುವುದೊಂದೇ ಅವಳ ಆಸೆ. ಮಳವಳ್ಳಿ ದಾಟಿದರೆ ಆಯಿತು, ಒಂದು ದಿನದಲ್ಲಿ ಹೋಗಿ ಬರಬಹುದು. ಅವಳ ತಮ್ಮ ಯಾರೋ ಸ್ನೇಹಿತನ ಕಾರು ತಂದು ಬಾಗಿಲಿಗೆ ನಿಲ್ಲಿಸಿದ್ದ.

"ಆಪಾ, ನಾಳೀಕೆ ಆಸ್ಪತ್ರೆ ಇಲ್ಲ. ಓಗ್ಬುಡವಾ."

"ಈ ಸಲ ಬ್ಯಾಡ ಬುಡು. ಮೈ ವಸಿ ಸರೋಗ್ಲಿ. ಇಂಗೆ ಊದ್ಕಂಡಿರೋ ಮೊಕ ಇಟ್ಕಂಡು ಓಗದಾ?" ಎಂದವಳು ನನ್ನ ಕಡೆ ತಿರುಗಿ, "ನಿಮ್ಮತ್ತೆ ತಾವ ಯಾರಾದ್ರೂ ಇರಂಗಾಗ್ಲಿ. ನೀನೂ ಆ ರವಿಕೆ ಆಕ್ಕಂಡು ಬಾ. ಜೊತೇಲೆ ಓಗನ" ಎಂದಳು.

ಅತ್ತೆಯನ್ನು ನೋಡಿಕೊಳ್ಳಲು ಮದ್ದೂರಿನ ನಾದಿನಿ ಬರುತ್ತೇನೆಂದಿದ್ದಳು, ಅವಳಿಗೂ ಬರಲಾಗಲಿಲ್ಲ. ಕಾರು ವಾಪಸ್ಸು ಹೋಯಿತು. ಮುಂದಿನ ಮಳೆಗಾಲ ಇದೆಯಲ್ಲ ಎಂದುಕೊಂಡೆವು...

ಇರಲಿಲ್ಲ. ಚಳಿ ಶುರುವಾಗುವಾಗ ಎದೆಗೆ ನೀರು ತುಂಬಿಕೊಂಡಿತೆಂದು ಆಸ್ಪತ್ರೆಗೆ ಸೇರಿಸಿದರು. ನೀರನ್ನು ಅಷ್ಟು ಅಳೆದು ಕುಡಿದವಳಿಗೆ. ಅಲ್ಲಿಂದ ಅವಳು ಮೆಟ್ಟಿಲು ಹತ್ತಿ ಬರಲಿಲ್ಲ. ಮಣ್ಣಿಗೆ ಒಯ್ಯುವ ಮುಂಚೆ ಮುಖ ನೋಡಲು ಆಸ್ಪತ್ರೆಗೆ ಹೋಗಿದ್ದೆ, ಬೇಗ ಬಂದುಬಿಟ್ಟೆ. ಗಂಟೆ ಅಷ್ಟು ದೂರ ಕೇಳಿಸುವುದಿಲ್ಲವಲ್ಲ.

ಅವಳ ತಮ್ಮ ಮನೆ ಖಾಲಿ ಮಾಡಿ ಮಳವಳ್ಳಿಗೆ ಹೋಗುವಾಗ, ಆಪಾಳ ದುಪಟ್ಟಾದಲ್ಲಿ ಸುತ್ತಿದ ಗೇಮು ಕೈಗಿಟ್ಟ. ನಿಮಗೇ ಕೊಡಬೇಕೆಂದು ಹೇಳಿದ್ದಳು ಎಂದ. ಎಷ್ಟೋ ದಿನ ಅದನ್ನು ಬಿಚ್ಚಲಿಲ್ಲ. ಬಿಚ್ಚಿ ಆನ್ ಮಾಡಿದಾಗ, ಅವಳು ಕೊನೆಗೆ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ ಆಟ ತೆರೆದುಕೊಂಡಿತು. ಕೋಟೆಯ ಬಾಗಿಲಿನಲ್ಲಿ ಅಲ್ಲ. ಹುಡುಗಿ ಜಲಪಾತದ ಕೆಳಗೆ ನಿಂತಿದ್ದಳು. ತಲೆಯಿಂದ ಕಾಲಿನವರೆಗೆ ಪೂರಾ ಕವಚ ತೊಟ್ಟು. ನೀರು ಅವಳ ಹೆಗಲಿನ ಮೇಲೆ ಬಿದ್ದು, ಬೆಳ್ಳಿಯ ಬಳ್ಳಿಗುಂಟ ಇಳಿಯುತ್ತಿತ್ತು.

ಯಾವತ್ತು ತೊಡಿಸಿದಳೋ... ನನಗೆ ಹೇಳಿರಲಿಲ್ಲ.

ಅಂದಿನಿಂದ ಆ ಹುಡುಗಿಯನ್ನು ನಾನು ಒಂದು ಹೆಜ್ಜೆಯೂ ಕದಲಿಸಿಲ್ಲ. ಆಗಾಗ ಚಾರ್ಜಿಗೆ ಹಾಕಿ, ನೋಡಿ, ಆರಿಸಿಡುತ್ತೇನೆ.

ಇವತ್ತು ರವಿಕೆ ತೊಡಲು ನೋಡಿದೆ. ತೋಳು ಮೊಣಕೈ ದಾಟಲಿಲ್ಲ. ಇಷ್ಟು ವರ್ಷದಲ್ಲಿ ನಾನೂ ಊದಿಕೊಂಡಿದ್ದೇನೆ. ಎಳೆದರೆ ನವಿಲಿನ ಮಣಿ ಉದುರುತ್ತದೆಂದು ಮೆಲ್ಲಗೆ ಬಿಡಿಸಿ ಮಹಡಿಯ ಬಿಸಿಲಿಗೆ ಹಾಕಿ ಬಂದೆ. ಮತ್ತೆ ನುಸಿಗುಳಿಗೆ ಇಡಲು ಮನಸ್ಸಾಗಲಿಲ್ಲ, ಏನು ಮಾಡಬೇಕೆಂದೂ ತಿಳಿಯಲಿಲ್ಲ. ಬೀರುವಿನ ಮುಂದೆ ನೆಲದಲ್ಲೇ ಕೂತು ಗೇಮು ಆನ್ ಮಾಡಿ, ಅವಳು ಮಾಡುತ್ತಿದ್ದ ಹಾಗೆ ಸೌಂಡು ಪೂರ್ತಿ ಏರಿಸಿದೆ. ಮನೆಯೊಳಗೆಲ್ಲ ನೀರು ಬೀಳತೊಡಗಿತು.

ಒಳಗಿನ ಮಂಚದ ಗಂಟೆ ಅಲ್ಲಾಡಿತು. "ಮಳೆ ಬಂತೇನೇ? ಮ್ಯಾಲೆ ಬಟ್ಟೆ ಆಕಿದ್ದೀಯ, ತಕ್ಕಂಡ್ ಬಾರೇ" ಎಂದರು ಅತ್ತೆ.

"ಮಳೆಯಲ್ಲ ಅತ್ತೆ" ಎಂದೆ. ಸೌಂಡು ಮಾತ್ರ ಕಡಿಮೆ ಮಾಡಲಿಲ್ಲ.